ಪುಟ್ಟಿಯ ನೆಗಡಿಗೆ ಐದು ಹನಿ ಬ್ರಾಂದಿ

ಶಾರದತ್ತೆ: (ಫಾರ್ವರ್ಡ್ ಆದ ಚಿತ್ರ) “ಕೂಸಿಗೆ ನೆಗಡಿ, ಕಫವೇ? ಒಂದು ಚಮಚ ಬಿಸಿನೀರಿಗೆ ಐದು ಹನಿ ಬ್ರಾಂದಿ ಹಾಕಿ ಕುಡಿಸಿ. ಎದೆಗೂ ಸವರಿ. ಎಲ್ಲರಿಗೂ ಹಂಚಿ.”

ಶಾರದತ್ತೆ: ಪ್ರದೀಪ, ಪುಟ್ಟಿಗೆ ಮೂಗು ಕಟ್ಟಿದೆ ಅಂದ್ಯಲ್ಲ, ಇದನ್ನ ಮಾಡಿ ನೋಡಪ್ಪ.

ಪ್ರದೀಪ: ರಾತ್ರಿಯೆಲ್ಲ ಯಾರಿಗೂ ನಿದ್ದೆ ಇಲ್ಲ ಅತ್ತೆ. ಬ್ರಾಂದಿ ಇಲ್ಲ, ಕೇಕಿಗೆ ಒಣದ್ರಾಕ್ಷಿ ನೆನೆಸೋಕೆ ತಂದ ರಮ್ ಇದೆ. ಆಗುತ್ತಾ?

ವೀಣಾ: ಅಣ್ಣಾ, ಬೇಡ. ಬ್ರಾಂದಿನೂ ಬೇಡ, ರಮ್ಮೂ ಬೇಡ. ಏಳು ತಿಂಗಳ ಕೂಸು ಅದು.

ರಾಜು ಚಿಕ್ಕಪ್ಪ: ಐದು ಹನಿಗೆ ಏನಾಗುತ್ತಮ್ಮ ವೀಣಾ? ನಮ್ಮವ್ವ ನಮಗೆಲ್ಲ ಕುಡಿಸಿದ್ಲು. ಆಗ ಡಾಕ್ಟರೇ ಬರೆದುಕೊಡ್ತಿದ್ರು.

ವೀಣಾ: ಬರೆದುಕೊಡ್ತಿದ್ದದ್ದು ನಿಜ ಚಿಕ್ಕಪ್ಪ. ಬ್ರಿಟಿಷರ ಔಷಧಿ ಪಟ್ಟಿಯಲ್ಲಿ ಬ್ರಾಂದಿ ಇತ್ತು. ಅಮೆರಿಕದವರು 1916ರಲ್ಲೇ ವಿಸ್ಕಿ, ಬ್ರಾಂದಿ ಎರಡನ್ನೂ ತಮ್ಮ ಪಟ್ಟಿಯಿಂದ ಕೈಬಿಟ್ರು. ನಾವು ಮಾತ್ರ ಬಿಟ್ಟಿಲ್ಲ.

ರಾಜು ಚಿಕ್ಕಪ್ಪ: ಬ್ರಾಂದಿ ಉಷ್ಣ. ಗಂಟಲಿಗೆ ಇಳಿದ ಕೂಡಲೇ ಮೈ ಬೆಚ್ಚಗಾಗುತ್ತೆ. ಇದು ಸುಳ್ಳಾ?

ವೀಣಾ: ಬೆಚ್ಚಗೆ ಅನ್ಸೋದು ಸುಳ್ಳಲ್ಲ. ಆಲ್ಕೋಹಾಲ್ ಚರ್ಮದ ರಕ್ತನಾಳಗಳನ್ನ ಹಿಗ್ಗಿಸುತ್ತೆ. ಒಳಗಿನ ಬಿಸಿರಕ್ತ ಮೇಲಕ್ಕೆ ಬರುತ್ತೆ, ಮುಖ ಕೆಂಪಾಗುತ್ತೆ. ಆದ್ರೆ ಆ ಶಾಖ ಅಲ್ಲಿಂದ ಗಾಳಿಗೆ ಹೋಗಿಬಿಡುತ್ತೆ, ಒಳಗಿನ ಮೈ ತಣ್ಣಗಾಗುತ್ತೆ. ಕೂಸಿನ ಮೈಶಾಖ ಮೊದಲೇ ಬೇಗ ಇಳಿಯುತ್ತೆ. ಅದಕ್ಕಿಂತ ನನಗೆ ಭಯ ಸಕ್ಕರೆದು. ಹೊಟ್ಟೆ ಖಾಲಿ ಇದ್ದಾಗ ಪಿತ್ತಜನಕಾಂಗ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತೆ, ಆಲ್ಕೋಹಾಲ್ ಆ ಕೆಲಸಕ್ಕೇ ಅಡ್ಡ ಬರುತ್ತೆ. ಮೂಗು ಕಟ್ಟಿ ಹಾಲು ಕುಡಿಯದ ಮಗುವಿಗೆ ಇದೇ ಅಪಾಯ. ನಮ್ಮ ವಾರ್ಡಿನಲ್ಲಿ ಸಕ್ಕರೆ ಇಳಿದ ಮಕ್ಕಳನ್ನ ನೋಡಿದೀನಿ. ಅಳೋಕೂ ಶಕ್ತಿ ಇರಲ್ಲ. ಬ್ರಾಂದಿ ಕುಡಿದು ಸುಮ್ಮನೆ ಮಲಗಿದ ಕೂಸನ್ನ ವಾಸಿಯಾಯ್ತು ಅಂದ್ಕೊಂಡ್ರೆ ಏನು ಗತಿ?

ಶಾರದತ್ತೆ: ದ್ರಾಕ್ಷಿ ರಸ ತಾನೇ ಅದು?

ವೀಣಾ: ದ್ರಾಕ್ಷಾರಸ ಹುದುಗಿಸಿ ಬಟ್ಟಿ ಇಳಿಸಿದ್ದು ನಿಜವಾದ ಬ್ರಾಂದಿ ಅತ್ತೆ. ನಮ್ಮಲ್ಲಿ ಸಿಗೋ ಅಗ್ಗದ ಬಾಟಲಿಯಲ್ಲಿ ಹೆಚ್ಚಾಗಿ ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟೇ ಇರುತ್ತೆ, ಅದಕ್ಕೆ ಬಣ್ಣ, ವಾಸನೆ ಸೇರಿಸಿರ್ತಾರೆ. ಲೇಬಲ್ ನೋಡಿ, 42.8% ಅಂತಿರುತ್ತೆ. ಐದು ಹನಿ ಅಂತ ಶುರುವಾಗಿದ್ದು ನಡುರಾತ್ರಿ ಅರ್ಧ ಚಮಚ ಆದ್ರೆ, ಒಂದು ಮಿ.ಲೀ. ಅಪ್ಪಟ ಆಲ್ಕೋಹಾಲ್ ಕೂಸಿನ ಹೊಟ್ಟೆಗೆ ಹೋಯ್ತು.

ರಾಜು ಚಿಕ್ಕಪ್ಪ: ಸರಿ, ಕುಡಿಸೋದು ಬೇಡ. ಎದೆಗೆ ಸವರೋಕೇನು?

ವೀಣಾ: ಕೂಸಿನ ಚರ್ಮ ತೆಳು, ಹೀರುತ್ತೆ. ಆವಿ ಮೂಗಿಗೂ ಹೋಗುತ್ತೆ. ಜ್ವರಕ್ಕೆ ಸ್ಪಿರಿಟ್ಟಲ್ಲಿ ಮೈ ಒರೆಸೋದನ್ನೂ ಇದೇ ಕಾರಣಕ್ಕೆ ಬಿಟ್ಟಿದ್ದು.

ಅನಿತಾ ಅತ್ತಿಗೆ: ವೀಣಾ, ರಮ್ ಹಾಕಿದ ಕೇಕ್ ಪುಟ್ಟಿಗೆ ಚೂರು ತಿನ್ನಿಸಬಹುದಾ? ಬೇಯುವಾಗ ಎಲ್ಲ ಹಾರಿಹೋಗುತ್ತಲ್ಲ?

ವೀಣಾ: ಎಲ್ಲ ಹಾರಲ್ಲ ಅತ್ತಿಗೆ. ಒಂದು ಗಂಟೆ ಬೆಂದ್ರೂ ಸುಮಾರು ಕಾಲು ಭಾಗ ಉಳಿಯುತ್ತೆ. ನೀವು ದೊಡ್ಡವರು ತಿನ್ನಿ. ರಮ್ಮಲ್ಲಿ ನೆನೆದ ಹಣ್ಣು ಕೆಡಲ್ಲ, ಘಮವೂ ಚೆನ್ನ.

ಶಾರದತ್ತೆ: ಹಾಗಾದ್ರೆ ಜೇನುತುಪ್ಪ ನೆಕ್ಕಿಸಲಾ?

ವೀಣಾ: ವರ್ಷ ತುಂಬೋವರೆಗೆ ಜೇನೂ ಬೇಡ ಅತ್ತೆ, ಬಾಟುಲಿಸಂ ಬರಬಹುದು, ಸ್ನಾಯುಗಳ ಶಕ್ತಿ ಕುಂದಿಸೋ ನಂಜಿನ ರೋಗ ಅದು. ಔಷಧಿ ಅಂಗಡೀಲಿ ಸಲೈನ್, ಅಂದ್ರೆ ಉಪ್ಪುನೀರಿನ ಮೂಗಿನ ಹನಿ ಸಿಗುತ್ತೆ. ಹಾಲು ಕೊಡೋ ಮೊದಲು ಎರಡೂ ಹೊಳ್ಳೆಗೆ ಹಾಕಿ. ಎದೆಹಾಲು ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಅಣ್ಣಾ, ಪುಟ್ಟಿ ಮಲಗಿದಾಗ ಹೊಟ್ಟೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸು. ಈ ವಯಸ್ಸಿಗೆ 50 ಅಥವಾ ಅದಕ್ಕಿಂತ ಹೆಚ್ಚಿದ್ರೆ, ಪಕ್ಕೆಲುಬಿನ ಕೆಳಗೆ ಗುಳಿ ಬಿದ್ರೆ, ಹಾಲು ಬಿಟ್ರೆ ಕಾಯಬೇಡ, ಆಸ್ಪತ್ರೆಗೆ ಹೊರಡು.

ಪ್ರದೀಪ: ಈಗ ಎಣಿಸಿದೆ, 38. ಗುಳಿ ಬೀಳ್ತಿಲ್ಲ. ಸಲೈನ್ ತರೋಕೆ ಹೊರಟೆ.

ರಾಜು ಚಿಕ್ಕಪ್ಪ: ನಮ್ಮವ್ವ ಕೊಟ್ಟಿದ್ದು ತಪ್ಪು ಅಂತ ನಾನು ಒಪ್ಪಲ್ಲ ವೀಣಾ. ಅವಳ ಹತ್ರ ಬೇರೇನಿತ್ತು? ಪ್ರದೀಪ, ಸಂಜೆ ಇನ್ನೊಂದ್ಸಲ ಎಣಿಸಿ ಇಲ್ಲೇ ಹಾಕು.