ಲಾರಿ ಪಟ್ಟಾ ಚೂರಿಗೆ ಸಾಸಿವೆ ಚಿತ್ತಾರ: ಕಪ್ಪಾಗೋ ಬದಲು ಕೆಂಪು ತುಕ್ಕು ಯಾಕೆ?

ಕುಣಿಗಲ್ ಹೈದ
ಕುಲುಮೇಲಿ ಲಾರಿ ಪಟ್ಟಾದಿಂದ (ಲಾರಿ ಅಡಿಯ ಸ್ಪ್ರಿಂಗ್ ಪಟ್ಟಿ) ಮಾಡಿಸಿದ ಚೂರಿ, ಅಲಗು ಎಂಟಿಂಚು. ಬಿಳಿ ಪಾಲಿಶ್ ಮೇಲೆ ಬೂದುಗಪ್ಪು ಚಿತ್ತಾರ ಬೇಕು. ಅಂಗಡಿ ಮಸ್ಟರ್ಡ್ ಸಾಸ್ ಹಚ್ಚಿ ರಾತ್ರಿಯೆಲ್ಲ ಬಿಟ್ಟರೆ ಕೆಲವು ಕಡೆ ಬಣ್ಣವೇ ಹಿಡಿದಿಲ್ಲ, ಉಳಿದ ಕಡೆ ಕೆಂಪು ತುಕ್ಕು. ಕಬ್ಬಿಣವೇ ಸರಿಯಿಲ್ಲವಾ? ತರಕಾರಿ ಹೆಚ್ಚೋ ಚೂರಿ, ವಿಷದ ಕೆಮಿಕಲ್ ಬೇಡ.

ಸಾಣೆಕಲ್ಲು
ಕಬ್ಬಿಣದ ತಪ್ಪಲ್ಲ ಗುರು. ಪಟ್ಟಾ ಉಕ್ಕಿನಲ್ಲಿ ಇಂಗಾಲ ಸುಮಾರು 0.5–0.6%, ಸ್ಟೀಲ್ ಚೂರಿಯಷ್ಟು ಕ್ರೋಮಿಯಂ ಇರಲ್ಲ, ಚೆನ್ನಾಗೇ ಹಿಡಿಯುತ್ತೆ. ಹಿಡಿಯದ ಜಾಗದಲ್ಲಿ ಕೈಜಿಡ್ಡೋ ಪಾಲಿಶ್ ಮೇಣವೋ ಕೂತಿದೆ. 400, ಆಮೇಲೆ 600 ನಂಬರ್ ವಾಟರ್ ಪೇಪರಿನಲ್ಲಿ ಒಂದೇ ದಿಕ್ಕಿಗೆ ಉಜ್ಜಿ, ಪಾತ್ರೆ ಸೋಪಲ್ಲಿ ತೊಳೆದು, ಅಸಿಟೋನ್‌ನಲ್ಲಿ ಒರೆಸಿ. ನೈಲ್ ಪಾಲಿಶ್ ರಿಮೂವರ್ ಬೇಡ, ಎಷ್ಟೋ ಸಲ ಅದರಲ್ಲೇ ಎಣ್ಣೆ ಇರುತ್ತೆ. ನೀರು ಬಿಟ್ಟು ನೋಡಿ: ಒಂದೇ ಸಮ ಹರಡಿದರೆ ಸರಿ, ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ. ಇನ್ನು ಅಲಗಿಗೆ ಬೆರಳು ತಾಗಿಸಬೇಡಿ.

ಕೆಂಪಾಗಿದ್ದು ರಾತ್ರಿಯಿಡೀ ಬಿಟ್ಟಿದ್ದರಿಂದ. ಬಣ್ಣ ತರೋದು ಸಾಸಿನಲ್ಲಿರೋ ವಿನೆಗರ್. ಸಾಸ್ ಒಣಗಿ ಬಿರಿದ ಮೇಲೆ ತೇವ, ಗಾಳಿ, ಉಪ್ಪು ಮೂರೂ ಸೇರಿ ತುಕ್ಕು ಹಿಡಿಸುತ್ತವೆ. ಸಾಸನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟು 15–20 ನಿಮಿಷ ಬಿಟ್ಟರೆ ಸಾಕು, ತೊಳೆದು ಒರೆಸಿ. ಚುಕ್ಕಿಯ ಅಂಚು ಗಾಢವಾಗಿ, ನಡುಭಾಗ ತಿಳಿಯಾಗಿ ಬರುತ್ತೆ. ಅದೇ ಚಿತ್ತಾರದ ಗೆರೆ. ಚುಕ್ಕಿಗಳ ಜಾಗ ಬದಲಿಸಿ ಮೂರು ನಾಲ್ಕು ಸಲ ಮಾಡಿದರೆ ಒಂದರ ಮೇಲೊಂದು ಕೂತು ಆಳ ಕಾಣುತ್ತೆ. ಖಾಲಿ ಮೆಹಂದಿ ಕೋನ್‌ಗೆ ಸಾಸ್ ತುಂಬಿ, ತುದಿ ಸಣ್ಣಗೆ ಕತ್ತರಿಸಿದರೆ ರಂಗೋಲಿ ಎಳೆಯನ್ನೂ ಬಿಡಬಹುದು.

ಚಿಂತಾಮಣಿ ಕತ್ತಿ
ಸಾಸಿವೆಗೆ ಮುಂಚೆ ಇಡೀ ಅಲಗಿಗೆ ತೆಳು ಬೂದು ಕೊಟ್ಟರೆ ಚೆಂದ. 4% ಬಿಳಿ ವಿನೆಗರ್ ಅನ್ನು ಹಬೆಯಾಡುವಷ್ಟು ಬಿಸಿ ಮಾಡಿ (ಕುದಿಸಬೇಡಿ, ಕಿಟಕಿ ತೆಗೆದಿಡಿ), ಎತ್ತರದ ಗಾಜಿನ ಲೋಟಕ್ಕೆ ಹಾಕಿ, ಹಿಡಿ ಮುಳುಗದಂತೆ ಅಲಗನ್ನು ನಿಲ್ಲಿಸಿ, 10 ನಿಮಿಷ. ಅಲಗಿಗೆ ಅಂಟೋ ಗುಳ್ಳೆಗಳನ್ನು ಆಗಾಗ ಅಲ್ಲಾಡಿಸಿ ಬಿಡಿಸಿ, ಇಲ್ಲದಿದ್ದರೆ ಬಿಳಿ ಚುಕ್ಕೆ ಉಳಿಯುತ್ತೆ. ಮೇಲೆ ಕೂರೋ ಮಸಿಯನ್ನು ಬಟ್ಟೇಲಿ ಒರೆಸಿದರೆ ಕೆಳಗೆ ನಿಜವಾದ ಬಣ್ಣ. ಗಂಟೆಗಟ್ಟಲೆ ಇಟ್ಟರೆ ಬಾಯಿ ಮೊಂಡಾಗುತ್ತೆ.

ಕೊನೆಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅದ್ದಿ, ಹುಳಿ ಸಾಯಬೇಕು. ನಮ್ಮ ಕಡೆ ಬೋರ್ ನೀರು ಗಡಸು, ಒಣಗಿದರೆ ಬಿಳಿ ಕಲೆ. ಕೊನೇ ತೊಳೆತಕ್ಕೆ ಆರ್‌ಒ ಫಿಲ್ಟರ್ ನೀರು ಒಳ್ಳೇದು. ಗ್ಯಾಸ್ ಉರಿಯಲ್ಲಿ ಕಾಸಿ ನೀಲಿ ಬಣ್ಣ ತರೋ ವಿಡಿಯೋ ನೋಡಿ ಮರುಳಾಗಬೇಡಿ, ಸುಮಾರು 300 ಡಿಗ್ರಿಗೆ ಹೋದರೆ ಅಲಗಿನ ಹದ ಇಳಿಯುತ್ತೆ.

ಕುಣಿಗಲ್ ಹೈದ
ಥ್ಯಾಂಕ್ಸ್ ಅಣ್ಣ. ಈಗಿರೋ ಕೆಂಪು ತುಕ್ಕನ್ನ ಪೂರ್ತಿ ಉಜ್ಜಬೇಕಾ? ವಿನೆಗರ್ ಬದಲು ಹುಣಸೆ ನಡೆಯುತ್ತಾ?

ಸಾಣೆಕಲ್ಲು
ತುಮಕೂರು ಜಿಲ್ಲೇಲಿದ್ದು ಹುಣಸೆ ಬಿಡೋದುಂಟಾ! ನಿಂಬೆಗಾತ್ರದ ಹಣ್ಣನ್ನು ಒಂದು ಲೋಟ ಬಿಸಿನೀರಲ್ಲಿ ಕಿವುಚಿ, ಸೋಸಿ, ಅದ್ದಿ. ಬಣ್ಣ ನಿಧಾನ, ಅರ್ಧ ಗಂಟೆ ಹಿಡಿಯಬಹುದು. ಉಪ್ಪು ಹಾಕಿಟ್ಟ ಹುಣಸೆ ಮಾತ್ರ ಬೇಡ.

ಪುಡಿಯಾಗೋ ತುಕ್ಕನ್ನ ಉಜ್ಜಲೇಬೇಕು. ತೆಳು ಕೆಂಪು ಪೊರೆಯಷ್ಟೇ ಇದ್ದರೆ ಫಿಲ್ಟರ್ ನೀರಲ್ಲಿ ಅಲಗನ್ನು 10 ನಿಮಿಷ ಕುದಿಸಿ, ಅದೇ ಕಪ್ಪಿಗೆ ತಿರುಗುತ್ತೆ. ಒರೆಸಿ, ಕೊಬ್ಬರಿ ಎಣ್ಣೆ ಒಂದು ಹನಿ ಸವರಿ, ಸಾಣೆ ಕೊನೆಗೆ ಹಿಡಿಸಿ.