ಹೂ ಬಿದ್ದ ಕಣ್ಣು, ಪೊರೆ ಬಂದ ಕಣ್ಣು

ಎಲ್ಲರಿಗೂ ನಮಸ್ಕಾರ,

ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಹಂಚೋಕೆ ಕಣ್ಣಿನ ತೊಂದರೆಗಳ ಬಗ್ಗೆ ನಾಲ್ಕು ಪುಟದ ಒಂದು ಕರಪತ್ರ ಕನ್ನಡಕ್ಕೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಲ್ಕು ಪುಟ ತಾನೇ, ಎರಡು ಸಂಜೆಯಲ್ಲಿ ಮುಗಿದೀತು ಅಂದುಕೊಂಡೆ. ಮೂರು ವಾರ ಆಯಿತು, ಇನ್ನೂ ಪದಗಳಲ್ಲೇ ಕೂತಿದ್ದೇನೆ.

ಕೂರಿಸಿದವಳು ನಮ್ಮ ದೊಡ್ಡವ್ವ. ಹಳೆಯ ಕರಪತ್ರವೊಂದು ಮನೆಯಲ್ಲಿತ್ತು. ಅದರಲ್ಲಿ ಕಣ್ಣೊಳಗಿನ ಮಸೂರ ಮಬ್ಬಾಗುವ ಕ್ಯಾಟರಾಕ್ಟ್‌ಗೂ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಆಗುವ ಬಿಳಿ ಕಲೆಗೂ ಒಂದೇ ಹೆಸರು, 'ಕಣ್ಣಿನ ಪೊರೆ'. ನಾನೂ ಅದನ್ನೇ ನೋಡಿಕೊಂಡು ಬರೆದೆ. ಬರೆದದ್ದನ್ನು ಓದಿ ಹೇಳಿದಾಗ ದೊಡ್ಡವ್ವ ಅರ್ಧಕ್ಕೇ ತಡೆದಳು.

"ಇಲ್ಲೋ ತಮ್ಮಾ, ಪೊರಿ ಬ್ಯಾರೆ, ಹೂವು ಬ್ಯಾರೆ. ಬಲಗಣ್ಣಿಗೆ ಪೊರಿ ಬಂದಿತ್ತು, ತೆಗಿಸ್ಕೊಂಡೀನಿ. ಎಡಗಣ್ಣಾಗ ಹೂವು ಬಿದ್ದೈತಿ. ಅದನ್ನ ಹಂಗ ತೆಗಿಯಾಕ ಬರಂಗಿಲ್ಲ."

ಇಷ್ಟು ವರ್ಷದಿಂದ ನೋಡುತ್ತಿದ್ದ ಮುಖವೇ. ಆದರೂ ಅವಳ ಕಣ್ಣನ್ನು ಸರಿಯಾಗಿ ನೋಡಿದ್ದು ಅವತ್ತೇ. ಎಡಗಣ್ಣಿನ ಕರಿಗುಡ್ಡೆಯ ಮೇಲೆ, ನಡುವಿಗಿಂತ ತುಸು ಕೆಳಗೆ, ಅರ್ಧ ಜೋಳದ ಕಾಳಿನಷ್ಟು ಬಿಳಿ ಚುಕ್ಕೆ. ಅದರ ಅಂಚು ದುಂಡಗಿಲ್ಲ, ಎಸಳು ಬಿಡಿಸಿದ ಹಾಗೆ ಸೀಳುಸೀಳು. ಭತ್ತದ ಗದ್ದೆಯಲ್ಲಿ ಕಳೆ ಕೀಳುವಾಗ ಎಲೆಯ ಅಂಚು ಬಡಿದು ಹುಣ್ಣಾಗಿತ್ತಂತೆ. ಹುಣ್ಣು ಮಾಯ್ದ ಮೇಲೆ ಉಳಿದ ಕಲೆ ಇದು. ಹೂ ಅನ್ನೋ ಹೆಸರು ಯಾಕೆ ಬಂತು ಅಂತ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಕ್ರಿಯಾಪದ ಗಮನಿಸಿ. ಪೊರೆ 'ಬರುತ್ತದೆ', ಹೂ 'ಬೀಳುತ್ತದೆ'. ಆಮೇಲೆ ಊರಲ್ಲಿ ನಾಲ್ಕೈದು ಜನರನ್ನು ಕೇಳಿದೆ, ಒಬ್ಬರೂ 'ಹೂ ಬಂತು' ಅನ್ನಲಿಲ್ಲ. ವಯಸ್ಸಾದಂತೆ ನಿಧಾನಕ್ಕೆ ಬರುವುದು ಒಂದು. ಏಟಿನಿಂದಲೋ ಹುಣ್ಣಿನಿಂದಲೋ ಬಿದ್ದು ಅಲ್ಲೇ ಉಳಿಯುವುದು ಇನ್ನೊಂದು. ಡಾಕ್ಟರು ಟಾರ್ಚ್ ಹಿಡಿದು ಮಾಡುವ ವಿಂಗಡಣೆಯನ್ನು ನಮ್ಮ ಜನ ಬರೀ ಕ್ರಿಯಾಪದದಲ್ಲಿ ಮಾಡಿಟ್ಟಿದ್ದಾರೆ.

ಹಳೆಯ ಕರಪತ್ರದಿಂದ ದೊಡ್ಡವ್ವನಿಗೆ ಆದ ಪೇಚಾಟವೂ ಇದೆ. 'ಕಣ್ಣಲ್ಲಿ ಬಿಳಿ ಕಂಡರೆ ಅದು ಪೊರೆ, ಉಚಿತ ಆಪರೇಷನ್‌ಗೆ ಬನ್ನಿ' ಅಂತ ಅದರಲ್ಲಿತ್ತು. ಎಡಗಣ್ಣು ತೋರಿಸೋಕೆ ಬೆಳಗಿನ ಬಸ್ಸಿಗೆ ಹೋಗಿ, ಉಪವಾಸ ಕೂತು, ಸಾಯಂಕಾಲ 'ಇದಕ್ಕೆ ಇಲ್ಲಿ ಆಪರೇಷನ್ ಇಲ್ಲಮ್ಮ' ಅನ್ನಿಸಿಕೊಂಡು ವಾಪಸ್ ಬಂದಳು. ಡಾಕ್ಟರ ತಪ್ಪೇನಿಲ್ಲ. ತಪ್ಪು ಆ ಕಾಗದದ್ದು.

ಎರಡೂ ಆಗುವ ಜಾಗವೇ ಬೇರೆ. ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಗಾಜು ಇದ್ದ ಹಾಗೆ, ಅದರ ಮೇಲಿನ ಕಲೆ ಹೂ. ಪೊರೆ ಬರುವುದು ಪಾಪೆಯ ಹಿಂದೆ ಇರುವ ಮಸೂರದಲ್ಲಿ. ಮಸೂರವೇ ಮಬ್ಬಾಗುತ್ತದೆ, ಅದರ ಮೇಲೆ ಏನೂ ಬೆಳೆಯುವುದಿಲ್ಲ. ಹಾಗೆ ನೋಡಿದರೆ 'ಪೊರೆ' ಅನ್ನುವ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಹಾವಿನ ಪೊರೆ ಕಳಚಿದ ಹಾಗೆ ಇದನ್ನೂ ಸುಮ್ನೆ ಸುಲಿದು ತೆಗೆಯುತ್ತಾರೆ ಅಂತ ಜನ ತಿಳಿಯುತ್ತಾರೆ. ನಿಜಕ್ಕೂ ಮಬ್ಬಾದ ಮಸೂರ ತೆಗೆದು ಅಲ್ಲಿ ಬೇರೆ ಮಸೂರ ಇಡುತ್ತಾರೆ. ಇಂಗ್ಲಿಷಿನವರದ್ದೂ ಅದೇ ಕತೆ, ಅವರ ಕ್ಯಾಟರಾಕ್ಟ್ ಪದದ ಮೂಲ ಅರ್ಥ ಜಲಪಾತ. ರಾಯಚೂರು ಪೇಟೆಯಲ್ಲಿ ಉರ್ದು ಮಾತಾಡುವವರು ಮೋತಿಬಿಂದು ಅನ್ನುತ್ತಾರೆ, ಮುತ್ತಿನ ಹನಿ. ನನಗೆ ಅದೇ ಇಷ್ಟ, ಮುತ್ತು ಒಳಗಿದೆ ಅನ್ನಿಸುತ್ತದೆ.

ನಮ್ಮಲ್ಲಿ ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ಕಟ್ಟಿಕೊಂಡ ಊರುಗಳಿವೆ. ಅವಕ್ಕೆ ಕ್ಯಾಂಪ್ ಅಂತಲೇ ಹೆಸರು. (ಹಾಗಾಗಿ ಇಲ್ಲಿ 'ಕಣ್ಣಿನ ಕ್ಯಾಂಪ್ ಎಲ್ಲಿ' ಅಂತ ಕೇಳಿದರೆ, ಅದು ಯಾವ ಊರು ಅಂತ ತಿರುಗಿ ಕೇಳುವವರೂ ಉಂಟು.) ಆ ಕ್ಯಾಂಪುಗಳ ತೆಲುಗಿನಲ್ಲೂ ಈ ಕಲೆಗೆ 'ಪುವ್ವು', ಹೂವೇ. ಪೊರೆಗೆ 'ಶುಕ್ಲಂ'. ತಮಿಳಿನಲ್ಲೂ ಕಣ್ಣಿಗೆ ಹೂ ಬೀಳುತ್ತದೆ. ಅಕ್ಕಪಕ್ಕದವರೆಲ್ಲ ಉಳಿಸಿಕೊಂಡಿರುವ ಪದ ನಮ್ಮ ಅಚ್ಚಾದ ಕಾಗದದಲ್ಲಿ ಮಾತ್ರ ಯಾಕೆ ಕಾಣುವುದಿಲ್ಲ?

ಇದು ಬರೀ ಪದದ ಹಠ ಅಂದುಕೊಳ್ಳಬೇಡಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂದದ್ದು ಎಲ್ಲರಿಗೂ ಗೊತ್ತು. ಎರಡು ಕಣ್ಣು, ನಾಲ್ಕು ಜನ ಹೇಗೆ ಅಂತ ನಮ್ಮೂರ ಕಟ್ಟೆಯ ಮೇಲೆ ದೊಡ್ಡ ಚರ್ಚೆಯೇ ಆಗಿತ್ತು. ಗುಡ್ಡೆ ಪೂರ್ತಿ ಕೂರಿಸುತ್ತಾರೆ ಅನ್ನೋ ಲೆಕ್ಕದಲ್ಲಿ ಅದು ಸಾಧ್ಯವೇ ಇಲ್ಲ, ಅಲ್ವಾ? ಕೂರಿಸುವುದು ಕಾರ್ನಿಯಾ ಮಾತ್ರ. ಒಂದೊಂದು ಕಾರ್ನಿಯಾದ ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ. ದಾನದ ಕಣ್ಣು ಬೇಕಾಗುವುದು ಹೂ ಬಿದ್ದವರಿಗೆ ಮತ್ತು ಕಾರ್ನಿಯಾ ಕೆಟ್ಟ ಇತರರಿಗೆ. ಪೊರೆಗೆ ಅದರಿಂದ ಉಪಯೋಗವಿಲ್ಲ. ಎರಡಕ್ಕೂ ಪೊರೆ ಅಂತ ಬರೆದರೆ ನೇತ್ರದಾನದ ಮಾತನ್ನು ಜನಕ್ಕೆ ತಿಳಿಸುವುದಾದರೂ ಹೇಗೆ?

ಇನ್ನೊಂದು ಗಂಟು ರೆಪ್ಪೆಯದು. ಬರವಣಿಗೆಯಲ್ಲಿ ನಾವು ರೆಪ್ಪೆ ಅನ್ನುವುದನ್ನು ಚರ್ಮಕ್ಕೂ ಬಳಸುತ್ತೇವೆ, ಕೂದಲಿಗೂ ಬಳಸುತ್ತೇವೆ. ಎವೆಯೂ ಹಾಗೆಯೇ. 'ಎವೆಯಿಕ್ಕದೆ ನೋಡಿದ' ಅಂದರೂ 'ರೆಪ್ಪೆ ಬಡಿಯದೆ ನೋಡಿದ' ಅಂದರೂ ಒಂದೇ. ಕತೆಗೆ ಅಷ್ಟು ಸಾಕು. ಆದರೆ ಕರಪತ್ರದಲ್ಲಿ ಎರಡು ಬೇರೆ ತೊಂದರೆಗಳಿವೆ. ಒಂದರಲ್ಲಿ ರೆಪ್ಪೆಯ ಅಂಚೇ ಒಳಕ್ಕೆ ಮಡಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಅಂಚು ಸರಿಯಿದ್ದು, ಕೂದಲು ಮಾತ್ರ ಒಳಮುಖವಾಗಿ ಬೆಳೆದು ಗುಡ್ಡೆಗೆ ತಿಕ್ಕುತ್ತದೆ. ಟ್ರಕೋಮಾದಂಥ ಸೋಂಕಿನ ಕೊನೆಯಲ್ಲಿ ಈ ತಿಕ್ಕಾಟವೇ ಕಣ್ಣು ಕಳೆಯುತ್ತಿತ್ತು. ಟ್ರಕೋಮಾ ಇನ್ನು ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಆದರೂ ಹಿಂದಿನ ಸೋಂಕಿನ ಗಾಯದಿಂದ ಒಳಗೆ ತಿರುಗಿದ ಕೂದಲು ಈಗಲೂ ಕೆಲವು ಮುದುಕರ ಕಣ್ಣು ಚುಚ್ಚುತ್ತಿರುತ್ತದೆ.

ದೊಡ್ಡವ್ವನ ಬಾಯಲ್ಲಿ ಇದಕ್ಕೆ 'ಎವಿ ಒಳಗ ತಿರಿಗ್ಯಾವ'. ಬಹುವಚನ ನೋಡಿದಿರಾ? ಅವಳಿಗೆ ಎವೆ ಅಂದರೆ ಕೂದಲುಗಳೇ, ಚರ್ಮಕ್ಕೆ ರೆಪ್ಪಿ. ಹಾಗಾಗಿ ಚರ್ಮಕ್ಕೆ ರೆಪ್ಪೆ, ಕೂದಲಿಗೆ ಎವೆ ಅಂತ ಗಟ್ಟಿ ಮಾಡಿಬಿಡೋಣ ಅಂತ ನನ್ನ ಆಸೆ. ತಮಿಳಿನ 'ಇಮೈ' ರೆಪ್ಪೆ ತಾನೇ ಅಂತ ಬಲ್ಲವರು ತಕರಾರು ತೆಗೆಯಬಹುದು. ತೆಗೆಯಲಿ. ಹುಟ್ಟಿನಿಂದಲೋ ಆಮೇಲೋ ರೆಪ್ಪೆ ಇಳಿಬಿದ್ದಿರುವುದಕ್ಕೆ 'ಜೋಲುರೆಪ್ಪೆ' ಅಂತ ಬರೆದಿದ್ದೇನೆ. ಅದಕ್ಕೆ ಯಾರ ಅಡ್ಡಿಯೂ ಇರಲಿಕ್ಕಿಲ್ಲ.

ರೆಪ್ಪೆಯ ಮೇಲೆ ಏಳುವ ಗಂಟುಗಳಲ್ಲಿ ಒಂದು ಮೋಜು ಸಿಕ್ಕಿತು. ನೋವು, ಕೆಂಪು, ಕೀವು ಇದ್ದರೆ ಅದು ಕುರು, ತಕರಾರಿಲ್ಲ. ನೋವಿಲ್ಲದೆ ರೆಪ್ಪೆಯೊಳಗೆ ಕಾಳಿನ ಹಾಗೆ ಗಟ್ಟಿಯಾಗಿ ಉಳಿಯುವುದು ಇನ್ನೊಂದು. ರೆಪ್ಪೆಯ ಎಣ್ಣೆಗ್ರಂಥಿಯ ಬಾಯಿ ಕಟ್ಟಿಕೊಂಡು ಆಗುವಂಥದ್ದು. ಅದಕ್ಕೆ ಡಾಕ್ಟರು ಅನ್ನುವುದು ಕಲೇಜಿಯನ್. ಗ್ರೀಕ್‌ನಲ್ಲಿ ಹಾಗಂದರೆ ಪುಟ್ಟ ಆಲಿಕಲ್ಲು! ಕನ್ನಡದಲ್ಲಿ ಆಲಿ ಅಂದರೆ ಕಣ್ಣುಗುಡ್ಡೆಯೂ ಹೌದು, ಮಳೆಯ ಜೊತೆ ಬೀಳುವ ಕಲ್ಲೂ ಹೌದು. ಎಲ್ಲೋ ಹುಟ್ಟಿದ ಪದ ಇಷ್ಟು ಚೆನ್ನಾಗಿ ನಮ್ಮ ಅಂಗಳಕ್ಕೆ ಬಿದ್ದಾಗ ಬಿಡೋದು ಹೇಗೆ? 'ಆಲಿಗಂಟು' ಅಂತ ಬರೆದೆ. ಆದರೆ ನಮ್ಮ ಕಡೆ ಆ ಮಳೆಗೆ ಆಣೆಕಲ್ಲು ಮಳೆ ಅನ್ನುತ್ತಾರೆ, ಆಲಿ ಅನ್ನುವವರು ಕಡಿಮೆ. 'ಆಣಿಗಂಟು' ಅನ್ನೋಣ ಅಂದರೆ ಕಾಲಿನ ಆಣಿ ನೆನಪಾಗುತ್ತದೆ. ದೊಡ್ಡವ್ವ ಎರಡನ್ನೂ ಕೇಳಿ ನಕ್ಕಳು. "ಗಂಟು ಅನ್ನು, ಸಾಕು."

ಮೂಗಿನ ಕಡೆಯಿಂದ ಕರಿಗುಡ್ಡೆಯ ಮೇಲೆ ಮುಕ್ಕೋನವಾಗಿ ಹತ್ತುವ ಮಾಂಸದ ಪೊರೆಯೂ ಇದೆ. ಬಿಸಿಲು, ಧೂಳಿನಲ್ಲಿ ದುಡಿಯುವವರಿಗೆ ಜಾಸ್ತಿ, ಅಂದರೆ ರಾಯಚೂರಿನಲ್ಲಿ ಬೇಕಾದಷ್ಟು. ಗ್ರೀಕರಿಗೆ ಅದು ಪುಟ್ಟ ರೆಕ್ಕೆ, ಉರ್ದುವಿನವರಿಗೆ ಉಗುರು, ಸುಶ್ರುತನಿಗೆ ಅರ್ಮ. ನಿಜವಾಗಿ ಪೊರೆ ಅನ್ನಿಸಿಕೊಳ್ಳಬೇಕಾದದ್ದು ಇದು, ಮೇಲೆ ಬೆಳೆಯುವುದು ಇದೇ ನೋಡಿ. ಆದರೆ ಆ ಪದ ಆಗಲೇ ಖರ್ಚಾಗಿದೆ.

ಕೊನೆಯ ಪುಟ ಮಕ್ಕಳದು. ಕಣ್ಣುಗಳ ನಡುವಿನ ಅಂತರ, ಹುಬ್ಬು ಕೂಡಿರುವುದು, ಇಂಥವನ್ನು ಗುರುತಿಸುವ ಬಗ್ಗೆ. ಇಲ್ಲಿ ಎರಡು ಅಳತೆ ಬರುತ್ತವೆ. ಪಾಪೆಯಿಂದ ಪಾಪೆಗೆ ಒಂದು, ಒಳಮೂಲೆಯಿಂದ ಒಳಮೂಲೆಗೆ ಇನ್ನೊಂದು. ಪಾಪೆಗಳ ಅಂತರ ಸರಿಯಿದ್ದು ಒಳಮೂಲೆಗಳು ಮಾತ್ರ ದೂರ ಇರಬಹುದು. ನನ್ನ ತಲೆನೋವು ಆ ಒಳಮೂಲೆ. ಹೊರಮೂಲೆಗೆ ನಮ್ಮಲ್ಲಿ ಕುಡಿಗಣ್ಣು, ಕಡೆಗಣ್ಣು ಅಂತ ಎಷ್ಟು ಚೆಂದದ ಪದಗಳು! ನೋಟ ಹಾಯುವ ಕಡೆ ಕವಿಗಳು ಹೆಸರಿಟ್ಟರು. ಗೀಜು ಕಟ್ಟುವ ಮೂಲೆಯನ್ನು ಯಾರೂ ಕೇಳಲಿಲ್ಲ. ಸಂಸ್ಕೃತದ ಕನೀನಕ ತರೋಣ ಅಂದರೆ, ಅದರ ಅಕ್ಕ ಕನೀನಿಕೆ ಪಾಪೆಯಾಗಿ ಕೂತಿದ್ದಾಳೆ. ಸದ್ಯಕ್ಕೆ 'ಮೂಗಿನ ಕಡೆಯ ಮೂಲೆ' ಅಂತ ಇಟ್ಟಿದ್ದೇನೆ.

ಮೆಳ್ಳಗಣ್ಣು ಬರೆಯಲೋ ಬೇಡವೋ ಅನ್ನೋದೂ ಇದೆ. ಪದ ಸರಿಯೇ. ಆದರೆ ಶಾಲೆಯಲ್ಲಿ ಅದು ಬೈಗುಳ, ಮೆಳ್ಳ ಅಂತ ಕರೆಸಿಕೊಂಡವನು ಆ ಹೆಸರಿನಲ್ಲೇ ಮುದುಕನಾಗುತ್ತಾನೆ. ವೈದ್ಯರೂ ತಮ್ಮ ಹೆಸರುಗಳನ್ನು ತಿದ್ದಿಕೊಂಡಿದ್ದಾರೆ. ಕಣ್ಣಿನ ಹೊರಮೂಲೆ ಮೇಲಕ್ಕಿದ್ದರೆ ಹಿಂದೆ ಒಂದು ಜನಾಂಗದ ಹೆಸರು ಹಿಡಿದು ಹೇಳುತ್ತಿದ್ದರು. 2009ರಲ್ಲಿ ಕಣ್ಣಿನ ಸುತ್ತಲಿನ ಲಕ್ಷಣಗಳ ಹೆಸರುಗಳನ್ನು ತಜ್ಞರು ಕೂತು ಒಪ್ಪ ಮಾಡಿದ ಪಟ್ಟಿಯಲ್ಲಿ ಅದು 'ಮೇಲಕ್ಕೆ ಓರೆಯಾದ' ಸೀಳು ಅಷ್ಟೇ. ನಾನೂ 'ಓರೆ ನಿಂತ ಕಣ್ಣು' ಅಂತ ಬರೆದಿದ್ದೇನೆ. ಓರೆಗಣ್ಣು ಅಂದರೆ ಬೇರೆಯೇ ಅರ್ಥ ಬಂದುಬಿಡುತ್ತದೆ.

ಕೊಪ್ಪಳ, ಬಳ್ಳಾರಿ ಕಡೆಯವರು ದಯವಿಟ್ಟು ತಿಳಿಸಿ. ನಿಮ್ಮಲ್ಲಿ ಹೂ ಬೀಳುತ್ತದೋ ಬರುತ್ತದೋ? ಎವೆ ಅಂದರೆ ಕೂದಲೋ ಚರ್ಮವೋ? ಒಳಮೂಲೆಗೆ ಯಾರ ಮನೆಯಲ್ಲಾದರೂ ಹೆಸರಿದೆಯೇ? ನಿಘಂಟು ನಾನೇ ನೋಡಿಕೊಳ್ಳುತ್ತೇನೆ. ನೀವು ಮನೆಯ ಹಿರಿಯರನ್ನು ಕೇಳಿ, ಅವರಂದ ಹಾಗೇ, ಊರ ಹೆಸರಿನ ಸಮೇತ ಬರೆಯಿರಿ. ಮುಂದಿನ ಸೋಮವಾರ ಪ್ರೆಸ್ಸಿಗೆ ಕೊಡಬೇಕು. ಮೊದಲ ಪುಟಕ್ಕೆ ಮಾತ್ರ ಕಾಯುವುದಿಲ್ಲ, ಅಲ್ಲಿ 'ಹೂ' ಹಾಕಿಯಾಯಿತು.