ರೂಮು ಕ್ಲೀನ್ ಮಾಡುತ್ತಿದ್ದ ರಾಶೆಲ್ ಕೆಕೆ ಫ್ರಾನ್ಸ್‌ನಲ್ಲಿ ಎಂಪಿ ಆಗಿದ್ದು ಹೇಗೆ?

ಗುಮ್ಮಟನಗರಿ, ವಿಜಯಪುರ:
ನಮಸ್ಕಾರ ರೀ. ನಮ್ಮವ್ವ ಇಲ್ಲಿ ಒಂದು ಲಾಡ್ಜ್‌ನಲ್ಲಿ ಹನ್ನೊಂದು ವರ್ಷದಿಂದ ರೂಮು ಕ್ಲೀನ್ ಮಾಡುತ್ತಾಳೆ. ಗುತ್ತಿಗೆ ಕೆಲಸ. ಸೂಟಿ ಬಂತೆಂದರೆ ಗೋಳಗುಮ್ಮಟ ನೋಡುವವರು ಜಾಸ್ತಿ, ಗಾದಿ ಎತ್ತಿ ಚಾದರದ ಅಂಚು ಕೆಳಗೆ ಸಿಕ್ಕಿಸಿ ಮುಂದಿನ ರೂಮಿಗೆ ಹೋಗುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಬಾಗಿಲಿಗೆ ಆತು ನಿಲ್ಲುತ್ತಾಳೆ. ನಿನ್ನೆ ರಾಶೆಲ್ ಕೆಕೆ ಅನ್ನುವವರ ಬಗ್ಗೆ ಓದಿ ಹೇಳಿದೆ. ಇದೇ ಕೆಲಸ ಮಾಡುತ್ತಿದ್ದವರು 2022ರಲ್ಲಿ ಫ್ರಾನ್ಸ್ ಪಾರ್ಲಿಮೆಂಟಿಗೆ ಆರಿಸಿ ಬಂದರಂತೆ. ಅವ್ವ ನಂಬಲಿಲ್ಲ. "ಯಾರೋ ದೊಡ್ಡವರು ಟಿಕೆಟ್ ಕೊಡಿಸಿರಬೇಕು" ಅಂದಳು. ನಿಜವಾಗಿ ಹೇಗೆ ಗೆದ್ದರು? ಈಗಲೂ ಎಂಪಿ ಇದ್ದಾರಾ?

ಖಾನಾಪುರ ಮಳೆ, ಬೆಳಗಾವಿ:
ತಂಗಿ, ಟಿಕೆಟ್ ಆಮೇಲಿನ ಮಾತು. ಮೊದಲು ಮುಷ್ಕರ.

ಅವರು ಹುಟ್ಟಿದ್ದು 1974ರಲ್ಲಿ, ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ಹನ್ನೆರಡು ವರ್ಷಕ್ಕೇ ತಾಯಿ ತೀರಿಕೊಂಡರು. 2000ದಲ್ಲಿ ಫ್ರಾನ್ಸ್‌ಗೆ ಬಂದರು, ಪೌರತ್ವ ಸಿಕ್ಕಿದ್ದು 2015ರಲ್ಲಿ. ಪ್ಯಾರಿಸ್‌ನ ಬಾಟಿನ್ಯೋಲ್ ಭಾಗದ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸ, ಆದರೆ ಸಂಬಳ ಕೊಡುವುದು ಗುತ್ತಿಗೆ ಕಂಪನಿ. ನಿಮ್ಮವ್ವನದೇ ಕಥೆ ಅಲ್ವಾ? ಗಂಟೆಗೆ ಮೂರೂವರೆ ರೂಮು ಮುಗಿಸಬೇಕಿತ್ತು. ಲೆಕ್ಕ ಹಾಕು, ಒಂದು ರೂಮಿಗೆ 17 ನಿಮಿಷ, ಅದರಲ್ಲೇ ಹಾಸಿಗೆ, ಬಾತ್‌ರೂಮು, ನೆಲ ಎಲ್ಲಾ. 2019ರ ಜುಲೈನಲ್ಲಿ ಸುಮಾರು 20 ಮಂದಿ ಕೆಲಸ ನಿಲ್ಲಿಸಿ ಹೊರಗೆ ಕೂತರು, ಹೆಚ್ಚಿನವರು ಆಫ್ರಿಕಾದಿಂದ ಬಂದ ಹೆಣ್ಣುಮಕ್ಕಳು. ನಡುವೆ ಕೊರೋನಾ ಬಂದು ಹೋಟೆಲೇ ಖಾಲಿಯಾಯಿತು, ಆದರೂ ಬಿಡಲಿಲ್ಲ, ಚಂದಾ ಹಣದಲ್ಲಿ ಮನೆ ನಡೆಸಿದರು. 22 ತಿಂಗಳು! 2021ರ ಮೇನಲ್ಲಿ ಒಪ್ಪಂದ ಆಯಿತು. ಗಂಟೆಗೆ ಮೂರು ರೂಮು, ತಿಂಗಳ ಸಂಬಳದಲ್ಲಿ 250ರಿಂದ 500 ಯೂರೋ ಹೆಚ್ಚಳ, ಊಟದ ಭತ್ಯೆ. ಗುತ್ತಿಗೆ ಮಾತ್ರ ಹಾಗೇ ಉಳಿಯಿತು. 17 ನಿಮಿಷ ಹೋಗಿ 20 ಆಯಿತು ಅಂತ ನಿಮ್ಮವ್ವನಿಗೆ ಹೇಳು, ಅದರ ಬೆಲೆ ಅವರಿಗೆ ಗೊತ್ತಾಗುತ್ತದೆ.

ಘಟಪ್ರಭಾ ದಂಡೆ, ಬಾಗಲಕೋಟೆ:
ಚುನಾವಣೆ ವಿಷಯ ನಾನು ಹೇಳುತ್ತೇನೆ. ಅಲ್ಲಿ 577 ಸೀಟು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಇನ್ನೊಂದು ಸುತ್ತು. ಅಲ್ಲಿನ ಎಡಪಂಥದ ನಾಯಕ ಮೆಲಾಂಶೋನ್ ಅವರ ಪಕ್ಷ ಕೆಕೆಯವರನ್ನು ನಿಲ್ಲಿಸಿತು. ಎರಡನೇ ಸುತ್ತಿನಲ್ಲಿ ಎದುರಿಗಿದ್ದವರು ಕ್ರೀಡಾ ಸಚಿವೆ ಆಗಿದ್ದ ರೊಕ್ಸಾನಾ ಮರಾಸಿನೆಯಾನು, 1998ರ ಈಜು ವಿಶ್ವ ಚಾಂಪಿಯನ್. ಕೆಕೆ ಗೆದ್ದದ್ದು ಬರೀ 177 ಮತದಿಂದ. ನಮ್ಮ ಪಂಚಾಯಿತಿ ಎಲೆಕ್ಷನ್ನಿನಷ್ಟೇ ಅಂತರ ನೋಡಿ.

ಸದನದಲ್ಲಿ ಎದ್ದು ನಿಂತು, ನಿಮ್ಮಲ್ಲಿ ತಿಂಗಳಿಗೆ 800, 900 ಯೂರೋದಲ್ಲಿ ಬದುಕಿದವರು ಯಾರಿದ್ದೀರಿ ಅಂತ ಕೇಳಿದ್ದರು. ಪಿಂಚಣಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಹೊರಟಾಗಲೂ ಸುಮ್ನೆ ಕೂರಲಿಲ್ಲ. ಇನ್ನೆರಡು ವರ್ಷ ಗಾದಿ ಎತ್ತುವುದು ಅಂದರೆ ಏನು ಅಂತ ಆ ಸದನದಲ್ಲಿ ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? 2024ರ ಜೂನ್‌ನಲ್ಲಿ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್ ಅವಧಿಗೆ ಮೊದಲೇ ಸದನ ವಿಸರ್ಜಿಸಿದರು, ಜುಲೈನಲ್ಲಿ ಇವರು ಸೋತರು. ಹಾಗಾಗಿ ಈಗ ಎಂಪಿ ಅಲ್ಲ.

ಎರಡೇ ವರ್ಷ ಅಂತ ಕಡಿಮೆ ಮಾಡಿ ನೋಡಬೇಡಿ. ನಾನು ಒಂದೇ ಅವಧಿ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದೆ, ಮುಂದಿನ ಸಲ ಮೀಸಲು ಬದಲಾಯಿತು. ಮೊದಲ ಸಭೆಯಲ್ಲಿ ನಳದ ನೀರಿನ ಬಗ್ಗೆ ಮಾತಾಡಲು ಎದ್ದಾಗ ಕೈಯಲ್ಲಿದ್ದ ಚೀಟಿ ನಡುಗುತ್ತಿತ್ತು. ಈಗ ನಮ್ಮ ಓಣಿಯ ಹೆಣ್ಣುಮಕ್ಕಳು ಗ್ರಾಮಸಭೆಗೆ ಕರೆಯದೇ ಬರುತ್ತಾರೆ.

ಗುಮ್ಮಟನಗರಿ, ವಿಜಯಪುರ:
ಅಣ್ಣಾ, ಅಕ್ಕಾ, ಇಬ್ಬರದ್ದೂ ಅವ್ವನಿಗೆ ಓದಿ ಹೇಳಿದೆ. ಸೀಟು, ಮತ ಯಾವುದನ್ನೂ ಕೇಳಲಿಲ್ಲ. 20 ನಿಮಿಷದ ಮಾತನ್ನು ಮಾತ್ರ ಎರಡು ಸಲ ಓದಿಸಿದಳು. ನಾಳೆ ನನ್ನ ಹಳೇ ಗಡಿಯಾರ ಕಟ್ಟಿಕೊಂಡು ಹೋಗುತ್ತಾಳಂತೆ, ತನಗೆ ಒಂದು ರೂಮಿಗೆ ಎಷ್ಟು ಹೊತ್ತು ಸಿಗುತ್ತದೆ ನೋಡಲು. ಈ ಕಡೆ ಲಾಡ್ಜ್ ಕೆಲಸದವರ ಸಂಘ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ.